ಕಟ್ಟುವುದು ಒಮ್ಮೆ, ಕಾಯುವುದು ಪ್ರತಿ ವರ್ಷ
ಇಂಗ್ಲೆಂಡಿನ ಕಾಲುವೆಗಳಲ್ಲಿ ಸ್ವಯಂಸೇವಕರು ಕಟ್ಟಿದ ಯುವಜನರ ದೋಣಿಗಳು



ವರದಿ ಕೈಗೆ ಬಂದ ಕೂಡಲೇ ಹಲವರು ಕೇಳುವ ಮೊದಲ ಪ್ರಶ್ನೆ, "ಈ ವರ್ಷ ಹೊಸದೇನು ಮಾಡಿದಿರಿ?" ಎಂಬುದು. ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಹಳೆಯದನ್ನು ಹಾಳಾಗದಂತೆ ನೋಡಿಕೊಂಡ ಕೆಲಸಕ್ಕೆ ಆ ಪ್ರಶ್ನೆಯಲ್ಲಿ ಜಾಗವೇ ಇರುವುದಿಲ್ಲ. ಈ ಮಾತನ್ನು ನಮ್ಮ ಲೆಕ್ಕಪತ್ರದ ಅಂಕಿಗಳಿಗಿಂತ ಚೆನ್ನಾಗಿ ತಿಳಿಸುವ ಉದಾಹರಣೆಯೊಂದು ದೂರದ ಇಂಗ್ಲೆಂಡಿನಲ್ಲಿದೆ. ಅಲ್ಲಿನ ಕಾಲುವೆಗಳಲ್ಲಿ ಯುವಕ ಸಂಘಗಳಿಗೆಂದೇ ಊರಿನವರು ಬಿಡುವಿನ ವೇಳೆಯಲ್ಲಿ ಕಟ್ಟಿದ ಉದ್ದನೆಯ ದೋಣಿಗಳು ಓಡಾಡುತ್ತವೆ. ಅವುಗಳ ಮಾಲೀಕತ್ವ ಒಬ್ಬ ವ್ಯಕ್ತಿಯದಲ್ಲ. ಒಂದು ಸಮಿತಿಯದು ಅಥವಾ ಧರ್ಮಾರ್ಥ ಸಂಸ್ಥೆಯದು. ಹೊಳೆ, ಕಡವು, ಮಂಜಿಗಳನ್ನು ನೋಡುತ್ತ ಬೆಳೆದ ನಮ್ಮ ಓದುಗರಿಗೆ ಈ ವಿಷಯ ಹಿಡಿಸೀತು ಎಂದು ಭಾವಿಸಿ ಅದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಏಳು ಅಡಿಯ ಲೆಕ್ಕ

ಈ ದೋಣಿಗೆ ಅಲ್ಲಿ 'ನ್ಯಾರೋಬೋಟ್' ಎನ್ನುತ್ತಾರೆ. ಅಗಲ 7 ಅಡಿಗಿಂತ ತುಸು ಕಡಿಮೆ. ಉದ್ದ 70 ಅಡಿಯವರೆಗೂ ಇರುತ್ತದೆ. ಮೊದಲ ಬಾರಿ ನೋಡಿದವರಿಗೆ ರೈಲಿನ ಬೋಗಿಯೊಂದನ್ನು ನೀರಿನ ಮೇಲೆ ಇಟ್ಟಂತೆ ಕಾಣುತ್ತದೆ. ಈ ವಿಚಿತ್ರ ಅಳತೆಗೆ ಕಾರಣ ಕಾಲುವೆಯಲ್ಲಿದೆ.

1761ರಲ್ಲಿ ವೋರ್ಸ್ಲಿಯ ಕಲ್ಲಿದ್ದಲು ಗಣಿಯಿಂದ ಮ್ಯಾಂಚೆಸ್ಟರ್ ಕಡೆಗೆ ಬ್ರಿಜ್‌ವಾಟರ್ ಕಾಲುವೆ ತೆರೆಯಿತು. ಅದರ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಒಂದು ಕುದುರೆ ರಸ್ತೆಯಲ್ಲಿ ಎಳೆಯುವ ಭಾರಕ್ಕಿಂತ ಹತ್ತಾರು ಪಟ್ಟು ಹೆಚ್ಚನ್ನು, ಅಂದರೆ 25ರಿಂದ 30 ಟನ್‌ವರೆಗೆ, ನೀರಿನ ಮೇಲೆ ಎಳೆಯಬಲ್ಲದು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಮುಂದೆ ದೇಶದ ನಡುಭಾಗದ ಗುಡ್ಡಗಳನ್ನು ದಾಟುವ ಟ್ರೆಂಟ್ ಮತ್ತು ಮರ್ಸಿ ಕಾಲುವೆಯನ್ನು ಯೋಜಿಸಿದಾಗ ಬ್ರಿಂಡ್ಲಿ ಖರ್ಚನ್ನೂ ನೀರನ್ನೂ ಉಳಿಸಬೇಕಾಯಿತು. ಗುಡ್ಡ ಹತ್ತಲು 'ಲಾಕ್' ಎಂಬ ನೀರಿನ ಮೆಟ್ಟಿಲುಗಳು ಬೇಕು. ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿಯನ್ನು ಊಹಿಸಿಕೊಳ್ಳಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತಿದರೆ ನೀರು ತುಂಬಿ ದೋಣಿ ಮೇಲೇರುತ್ತದೆ. ಕೆಳಗಿನ ತೂಬು ಎತ್ತಿದರೆ ನೀರು ಹೊರಹರಿದು ದೋಣಿ ಇಳಿಯುತ್ತದೆ. ಅಗಲ ಕಿರಿದಾದಷ್ಟೂ ನೀರು ಕಡಿಮೆ ಸಾಕು, ಕಲ್ಲು ಕಡಿಮೆ ಸಾಕು. ಹಾಗೆ ಬ್ರಿಂಡ್ಲಿ ಸುಮಾರು 72 ಅಡಿ ಉದ್ದ, 7 ಅಡಿ ಅಗಲದ ಲಾಕ್‌ಗಳನ್ನು ಕಟ್ಟಿಸಿದರು. ಆ ತೊಟ್ಟಿಯೊಳಗೆ ಹಿಡಿಸುವ ದೋಣಿಯೇ ನ್ಯಾರೋಬೋಟ್. ಇನ್ನೂರೈವತ್ತು ವರ್ಷಗಳ ನಂತರ ಕಟ್ಟುವ ದೋಣಿಗೂ ಅದೇ ಅಳತೆ.

ಶಾಲೆ ಕಾಣದ ದೋಣಿಮಕ್ಕಳು

ರೈಲು ಬಂದ ಮೇಲೆ ಕಾಲುವೆಯ ಬಾಡಿಗೆ ಕುಸಿಯಿತು. ದಡದ ಮೇಲೆ ಮನೆ ಮಾಡಿ ಬಾಡಿಗೆ ಕೊಡಲಾಗದ ದೋಣಿಗಾರರು ಹೆಂಡತಿ ಮಕ್ಕಳನ್ನು ದೋಣಿಗೇ ಕರೆದುಕೊಂಡು ಬಂದರು. ಹಿಂಬದಿಯ ಕೋಣೆ ಸುಮಾರು 10 ಅಡಿ ಉದ್ದ. ಒಲೆ, ಮಂಚ, ಮೇಜು, ಪಾತ್ರೆ, ಇಡೀ ಸಂಸಾರ ಅಷ್ಟರಲ್ಲೇ. ಮಕ್ಕಳು ಕುದುರೆ ನಡೆಸುತ್ತಿದ್ದರು, ತೂಬು ಎತ್ತುತ್ತಿದ್ದರು. ದೋಣಿ ಒಂದೆಡೆ ನಿಲ್ಲುತ್ತಿರಲಿಲ್ಲವಾದ್ದರಿಂದ ಅವರಿಗೆ ಶಾಲೆ ಎಂಬುದು ದಡದಲ್ಲಿ ಕಂಡು ಮರೆಯಾಗುವ ಕಟ್ಟಡವಾಗಿಯೇ ಉಳಿಯಿತು.

ಈ ಮಕ್ಕಳ ಪರವಾಗಿ ದನಿ ಎತ್ತಿದವರು ಕೋಲ್‌ವಿಲ್‌ನ ಜಾರ್ಜ್ ಸ್ಮಿತ್. ಅವರೂ ಬಾಲ್ಯದಲ್ಲಿ ಇಟ್ಟಿಗೆ ಹೊತ್ತು ದುಡಿದವರು. ಅವರ ಪ್ರಯತ್ನದ ಫಲವಾಗಿ 1877ರಲ್ಲಿ ಕಾಲುವೆ ದೋಣಿಗಳ ಕಾಯ್ದೆ ಬಂತು. ಜನ ವಾಸಿಸುವ ದೋಣಿಗಳನ್ನು ನೋಂದಾಯಿಸಬೇಕೆಂದು ಅದು ವಿಧಿಸಿತು. 1884ರ ತಿದ್ದುಪಡಿ ತಪಾಸಣೆಯನ್ನು ಬಿಗಿಗೊಳಿಸಿತು. ಆದರೂ ಕಾಯ್ದೆಯಿಂದ ಮಕ್ಕಳು ತರಗತಿಗೆ ತಲುಪಲಿಲ್ಲ. ಸರಕು ಇಳಿಸುವ ಒಂದೆರಡು ದಿನ ಈ ಊರಿನ ಶಾಲೆ, ಮುಂದಿನ ವಾರ ಇನ್ನೊಂದು ಊರಿನ ಶಾಲೆ ಎಂಬಂತಾಯಿತು. 1930ರ ದಶಕದಲ್ಲಿ ಲಂಡನ್ ಸಮೀಪದ ವೆಸ್ಟ್ ಡ್ರೇಟನ್‌ನಲ್ಲಿ 'ಎಲ್ಸ್‌ಡೇಲ್' ಎಂಬ ಬಾರ್ಜನ್ನೇ ಶಾಲೆಯಾಗಿ ಮಾರ್ಪಡಿಸಿ, ಸರಕಿಗಾಗಿ ಕಾಯುವ ದೋಣಿಗಳ ಮಕ್ಕಳಿಗೆ ಅಕ್ಷರ ಕಲಿಸಲಾಯಿತು.

ಈ ಹಿನ್ನೆಲೆ ತಿಳಿದಿದ್ದರೆ ಮುಂದಿನದು ಇನ್ನಷ್ಟು ಅರ್ಥವಾಗುತ್ತದೆ. ಮಕ್ಕಳನ್ನು ಶಾಲೆಯಿಂದ ದೂರವಿಟ್ಟಿದ್ದ ದೋಣಿಯೇ ಕೆಲವು ದಶಕಗಳ ನಂತರ ಮಕ್ಕಳಿಗೆ ಕಲಿಸುವ ಜಾಗವಾಯಿತು.

ಒಂದು ರಶೀದಿ ಉಳಿಸಿದ ಕಾಲುವೆ

1948ರಲ್ಲಿ ಕಾಲುವೆಗಳು ಸರಕಾರದ ಸ್ವತ್ತಾದವು. ಸರಕು ಲಾರಿಗೆ ಹೋಗಿತ್ತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಉಳಿದಿದ್ದ ವ್ಯಾಪಾರವೂ ಬಹುಪಾಲು ನಿಂತಿತು. ಹೂಳು ತುಂಬಿದ ಕಾಲುವೆಗಳನ್ನು ಮುಚ್ಚಿ ಮಣ್ಣು ಹಾಕುವುದೇ ಅಗ್ಗ ಎಂದು ಹಲವು ಅಧಿಕಾರಿಗಳು ಯೋಚಿಸತೊಡಗಿದರು.

ಇದನ್ನು ತಡೆದವರಲ್ಲಿ ಸಾಮಾನ್ಯ ಜನರೇ ಹೆಚ್ಚು. ಟಾಮ್ ರೋಲ್ಟ್ ತಮ್ಮ 'ಕ್ರೆಸ್ಸಿ' ದೋಣಿಯಲ್ಲಿ ಸುತ್ತಾಡಿ ಬರೆದ 'ನ್ಯಾರೋ ಬೋಟ್' ಪುಸ್ತಕ 1944ರಲ್ಲಿ ಹೊರಬಂತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಅವರೊಂದಿಗೆ ಸೇರಿ 1946ರಲ್ಲಿ ಕಾಲುವೆಗಳ ರಕ್ಷಣೆಗೆ ಸಂಘವೊಂದು ಹುಟ್ಟಿತು. ದಕ್ಷಿಣ ಸ್ಟ್ರ್ಯಾಟ್‌ಫರ್ಡ್ ಕಾಲುವೆಯ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 13 ಮೈಲಿ ಉದ್ದದ ಈ ಕಾಲುವೆಯನ್ನು 1958ರಲ್ಲಿ ಅಧಿಕೃತವಾಗಿ ಕೈಬಿಡಲು ಅಲ್ಲಿನ ಜಿಲ್ಲಾ ಆಡಳಿತ ಅರ್ಜಿ ಹಾಕಿತು. ಅದಕ್ಕೆ ಹಿಂದಿನ ಮೂರು ವರ್ಷ ಯಾರೂ ಆ ಕಾಲುವೆಯನ್ನು ಬಳಸಿರಲಿಲ್ಲ ಎಂದು ತೋರಿಸಬೇಕಾಗಿತ್ತು. ಆಗ ರಕ್ಷಣಾ ಸಂಘದವರು ಒಂದು ಚೀಟಿ ಹಾಜರುಪಡಿಸಿದರು. ಚಿಕ್ಕ ತೆಪ್ಪದಲ್ಲಿ ಹುಟ್ಟು ಹಾಕುತ್ತ ಆ ದಾರಿಯಲ್ಲಿ ಹೋಗಿದ್ದವರು ಸುಂಕ ಕಟ್ಟಿ ಪಡೆದ ರಶೀದಿ ಅದು! ಕಾಲುವೆ ಉಳಿಯಿತು. ಆಮೇಲೆ ಡೇವಿಡ್ ಹಚಿಂಗ್ಸ್ ಎಂಬ ವಾಸ್ತುಶಿಲ್ಪಿಯ ಮುಂದಾಳುತನದಲ್ಲಿ ಸ್ವಯಂಸೇವಕರು, ಸೈನಿಕರು, ಬರ್ಮಿಂಗ್‌ಹ್ಯಾಮ್ ಜೈಲಿನ ಕೈದಿಗಳು ಸೇರಿ ಹೂಳೆತ್ತಿ, ಲಾಕ್‌ಗಳನ್ನು ಮತ್ತೆ ಕಟ್ಟಿದರು. 1964ರ ಜುಲೈಯಲ್ಲಿ ರಾಜಮಾತೆ ಅದನ್ನು ಪುನಃ ತೆರೆದರು. ರಶೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು ನಾವು ದಾನಿಗಳಿಗೂ ಕುಟುಂಬಗಳಿಗೂ ಪದೇ ಪದೇ ಹೇಳುವಾಗ ಈ ಚೀಟಿಯನ್ನು ನೆನಪಿಸಿಕೊಳ್ಳಬಹುದು.

ಯುವಕ ಸಂಘಗಳ ಕೈಗೆ ದೋಣಿ

ಸರಕು ನಿಂತಾಗ ಖಾಲಿ ದೋಣಿಗಳು ಉಳಿದವು. ಕೆಲವರು ಅವನ್ನು ಶಿಬಿರದ ದೋಣಿಗಳಾಗಿ ಮಾಡಿದರು. ಕಲ್ಲಿದ್ದಲು ತುಂಬುತ್ತಿದ್ದ ಜಾಗವನ್ನು ತೊಳೆದು, ಮೇಲೆ ಟಾರ್ಪಾಲು ಕಟ್ಟಿ, ಒಳಗೆ ಸ್ಕೌಟ್ ಮಕ್ಕಳೂ ಶಾಲಾ ಗುಂಪುಗಳೂ ಸಾಲಾಗಿ ಮಲಗುತ್ತಿದ್ದರು. ಮಳೆ ಬಂದರೆ ಸೋರುತ್ತಿತ್ತು, ಚಳಿ ಇರುತ್ತಿತ್ತು. ಮಕ್ಕಳು ಮಾತ್ರ ಮತ್ತೆ ಮತ್ತೆ ಬರುತ್ತಿದ್ದರು.

ಅದೇ ಕಾಲದಲ್ಲಿ ಲಂಡನ್ನಿನ ಕ್ಯಾಮ್ಡನ್‌ನಲ್ಲಿ, ರೀಜೆಂಟ್ಸ್ ಕಾಲುವೆಯ ದಡದಲ್ಲಿ ವಾಸವಾಗಿದ್ದ ವೈಕೌಂಟ್ ಸೇಂಟ್ ಡೇವಿಡ್ಸ್ 1966ರಲ್ಲಿ ಪೈರೇಟ್ ಕ್ಲಬ್ ಆರಂಭಿಸಿದರು. ಸುತ್ತಲಿನ ಗಲ್ಲಿಗಳ ಮಕ್ಕಳಿಗೆ ಆಡಲು ಜಾಗವಿರಲಿಲ್ಲ. ಕಾಲುವೆ ಕಣ್ಣೆದುರಿಗಿದ್ದರೂ ಅದು ಹೋಗಬಾರದ ಜಾಗವಾಗಿತ್ತು. ಹಳೆಯ ಬಾರ್ಜೊಂದೇ ಕ್ಲಬ್ಬಿನ ಮೊದಲ ಮನೆ. 1977ರಲ್ಲಿ ದಡದ ಮೇಲೆ ಚಿಕ್ಕ ಕೋಟೆಯ ಆಕಾರದ ಕಟ್ಟಡ ಎದ್ದಿತು. 'ಪೈರೇಟ್ ಕ್ಯಾಸಲ್' ಎಂಬ ಹೆಸರಿನ ಆ ಸಂಸ್ಥೆ ಇಂದಿಗೂ ಮಕ್ಕಳಿಗೆ ದೋಣಿ ನಡೆಸಲು ಕಲಿಸುತ್ತಿದೆ, ಅಂಗವಿಕಲರನ್ನು ನ್ಯಾರೋಬೋಟ್‌ನಲ್ಲಿ ಕರೆದೊಯ್ಯುತ್ತಿದೆ. 1970ರ ದಶಕದಿಂದ ಇಂಗ್ಲೆಂಡಿನ ಹಲವು ಊರುಗಳಲ್ಲಿ ಇಂಥ ಗುಂಪುಗಳು ಬೆಳೆದವು. 1978ರಲ್ಲಿ ಸ್ಕಾಟ್ಲೆಂಡಿನಲ್ಲಿ ಸೀಗಲ್ ಟ್ರಸ್ಟ್ ಅಂಗವಿಕಲರಿಗೆ ಉಚಿತ ದೋಣಿ ವಿಹಾರಕ್ಕೆಂದು ಹುಟ್ಟಿತು. ಅವುಗಳನ್ನು ಒಟ್ಟಾಗಿ 'ಸಮುದಾಯ ದೋಣಿಗಳು' ಎನ್ನುತ್ತಾರೆ. ಅವುಗಳಿಗೆ ದೇಶ ಮಟ್ಟದ ಒಕ್ಕೂಟವಿದೆ. ದೋಣಿ ನಡೆಸುವ ಸ್ವಯಂಸೇವಕರಿಗೆ ಅದು ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತದೆ.

ದೋಣಿ ಕಟ್ಟುವ ಬಗೆ

ಸ್ವಯಂಸೇವಕರು ಕಟ್ಟುವುದೆಂದರೆ ಎಲ್ಲವನ್ನೂ ತಾವೇ ಮಾಡುತ್ತಾರೆ ಎಂದಲ್ಲ. ಸಾಮಾನ್ಯವಾಗಿ ಉಕ್ಕಿನ ಒಡಲನ್ನು ದೋಣಿ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಮಾಡಿಸಿ ತರುತ್ತಾರೆ. ತಳಕ್ಕೆ 10 ಮಿ.ಮೀ., ಬದಿಗೆ 6 ಮಿ.ಮೀ., ಮೇಲಿನ ಕೋಣೆಗೆ 4 ಮಿ.ಮೀ. ದಪ್ಪದ ತಗಡು ರೂಢಿಯ ಲೆಕ್ಕ. ಆ ಖಾಲಿ ಡಬ್ಬಿಯೊಳಗೆ ಉಳಿದದ್ದನ್ನೆಲ್ಲ ಊರಿನವರು ಸೇರಿಸುತ್ತ ಹೋಗುತ್ತಾರೆ. ವಾರದ ಎರಡು ಸಂಜೆ, ಶನಿವಾರ, ಭಾನುವಾರ. ವರ್ಷಗಳೇ ಹಿಡಿಯುವುದುಂಟು.

ಮೊದಲ ತೀರ್ಮಾನ ಉದ್ದದ್ದು. 70 ಅಡಿ ಇದ್ದರೆ ಹೆಚ್ಚು ಮಕ್ಕಳು ಮಲಗಬಹುದು. ಆದರೆ ಯಾರ್ಕ್‌ಷೈರಿನ ಕಾಲ್ಡರ್ ಮತ್ತು ಹೆಬಲ್ ಕಾಲುವೆಯ ಲಾಕ್‌ಗಳು ಸುಮಾರು 57 ಅಡಿಯ ದೋಣಿಗೆ ಮಾತ್ರ ಸಾಕು. ಹೆಚ್ಚು ಹಾಸಿಗೆ ಬೇಕೋ, ಎಲ್ಲ ಕಾಲುವೆಗಳ ದಾರಿ ಬೇಕೋ? ಕಬ್ಬಿಣ ಕತ್ತರಿಸುವ ಮುನ್ನವೇ ಸಮಿತಿ ಇದನ್ನು ನಿರ್ಧರಿಸಬೇಕು.

ಎರಡನೆಯದು ಭಾರ. ಖಾಲಿ ಒಡಲು ನೀರಿನ ಮೇಲೆ ಎತ್ತರಕ್ಕೆ ತೇಲಿ ಅತ್ತಿತ್ತ ವಾಲುತ್ತದೆ. ಆದ್ದರಿಂದ ತಳದಲ್ಲಿ ಇಟ್ಟಿಗೆ, ಕಾಂಕ್ರೀಟ್ ಹಲಗೆಗಳನ್ನು ಟನ್‌ಗಟ್ಟಲೆ ಜೋಡಿಸುತ್ತಾರೆ. ಒಂದು ಬದಿಯಲ್ಲಿ ಅಡುಗೆಮನೆ ಬಂದರೆ ಇನ್ನೊಂದು ಬದಿಗೆ ಕೆಲವು ಇಟ್ಟಿಗೆ ಸರಿಸಬೇಕು. ಆಮೇಲೆ ಶಾಖ ತಡೆಯುವ ಹೊದಿಕೆ, ಪ್ಲೈವುಡ್, 12 ವೋಲ್ಟಿನ ವೈರಿಂಗ್, ನೀರಿನ ಟ್ಯಾಂಕ್, ಶೌಚಾಲಯ, ಡೀಸೆಲ್ ಎಂಜಿನ್, ರೈಲಿನ ಬರ್ತ್‌ಗಳಂತೆ ಒಂದರ ಮೇಲೊಂದು ಮಲಗುವ ಹಲಗೆಗಳು. ಅಡುಗೆ ಅನಿಲದ ಕೊಳವೆ ಕೆಲಸಕ್ಕೆ ಮಾತ್ರ ಅರ್ಹತೆ ಪಡೆದವರೇ ಬೇಕು. ಅಲ್ಲಿ ಸದುದ್ದೇಶ ಸಾಲದು. ಇಂಥ ದೋಣಿಯಲ್ಲಿ 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವುದಾದರೆ ಅದು ಪ್ರಯಾಣಿಕ ಹಡಗಿನ ಕಟ್ಟುನಿಟ್ಟಿನ ನಿಯಮಗಳಿಗೆ ಒಳಪಡುತ್ತದೆ. ಹಾಗಾಗಿ ಯುವಕ ಸಂಘಗಳ ದೋಣಿಗಳಲ್ಲಿ ಹೆಚ್ಚಿನವು 12 ಮಂದಿಯ ಲೆಕ್ಕದಲ್ಲೇ ಇರುತ್ತವೆ.

ಹಾಸಿಗೆಯ ಹಲಗೆ ಕೊರೆದ ನಿವೃತ್ತ ಬಡಗಿ, ವೈರು ಎಳೆದ ಎಲೆಕ್ಟ್ರಿಷಿಯನ್, ಪರದೆ ಹೊಲಿದ ತಾಯಿ, ಬಣ್ಣ ಹಚ್ಚಿದ ಹುಡುಗರು, ಇವರೆಲ್ಲರ ಕೆಲಸವನ್ನು ಖರ್ಚಿನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೊಂಡು ತಂದ ವಸ್ತುಗಳ ಬೆಲೆ ಮಾತ್ರ ಅಲ್ಲಿರುತ್ತದೆ.

ಗಂಟೆಗೆ ನಾಲ್ಕು ಮೈಲಿ

ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಬಿರುಸಾಗಿ ನಡೆಯುವವನ ವೇಗ. ಇಷ್ಟು ನಿಧಾನವಾಗಿ ಹೋಗುವ ದೋಣಿಯಲ್ಲಿ ಹದಿಹರೆಯದವರು ಏನು ಕಲಿಯುತ್ತಾರೆ?

ಚುಕ್ಕಾಣಿ ಹಿಡಿಯುವುದನ್ನೇ ನೋಡೋಣ. ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಅದೂ ಕೂಡಲೇ ಅಲ್ಲ. ಗಾಬರಿಯಿಂದ ಹೆಚ್ಚು ತಳ್ಳಿದವನು ಎದುರು ದಡಕ್ಕೆ ಹೋಗಿ ಗುದ್ದುತ್ತಾನೆ. ತಿರುವು ಬರುವ ಮೊದಲೇ ಯೋಚಿಸಬೇಕು, ಕೈಯಾಡಿಸಿ ಕಾಯಬೇಕು. ಲಾಕ್ ಬಂದಾಗ ಇಬ್ಬರು ಮುಂದೆ ನಡೆದು ಹೋಗಿ ತೊಟ್ಟಿ ಸಿದ್ಧಪಡಿಸುತ್ತಾರೆ, ಇಬ್ಬರು ಬಾಗಿಲ ತೊಲೆಗೆ ಬೆನ್ನು ಕೊಟ್ಟು ನೂಕುತ್ತಾರೆ, ಒಬ್ಬರು ಹಗ್ಗ ನೋಡಿಕೊಳ್ಳುತ್ತಾರೆ. ಇಳಿಯುವಾಗ ಮೇಲಿನ ಬಾಗಿಲ ಕೆಳಗೆ ಕಲ್ಲಿನ ಹೊಸ್ತಿಲೊಂದು ಮುಳುಗಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಸಿಕ್ಕಿಕೊಂಡರೆ, ನೀರು ಇಳಿದಂತೆ ಮುಂಭಾಗ ಮುಳುಗುತ್ತದೆ. ಹೀಗೆ ದೋಣಿಗಳು ಮುಳುಗಿದ್ದುಂಟು. ಆದ್ದರಿಂದ ಗೋಡೆಯ ಮೇಲೆ ಬಳಿದ ಗುರುತಿಗಿಂತ ಮುಂದೆಯೇ ದೋಣಿ ಇರಬೇಕು, ಒಬ್ಬರ ಕಣ್ಣು ಅಲ್ಲೇ ಇರಬೇಕು, ತೂಬಿನ ಬಳಿ ಇರುವವರು ಕೂಗಿದ ಕ್ಷಣಕ್ಕೆ ಮುಚ್ಚಲು ಸಿದ್ಧರಿರಬೇಕು. ಹತ್ತಾರು ಟನ್ ತೂಗುವ ದೋಣಿಯನ್ನು ಕೈಯಿಂದಲೋ ಕಾಲಿನಿಂದಲೋ ತಡೆಯಬಾರದು ಎಂಬುದು ಮೊದಲ ದಿನದ ಮೊದಲ ಪಾಠ.

ಇಲ್ಲಿ ಯಾರ ಕೆಲಸವೂ ತೋರಿಕೆಯದಲ್ಲ. ಬಾಗಿಲು ಮುಚ್ಚುವವನು ಮರೆತರೆ ಮೇಲಿನ ನೀರು ಪೋಲಾಗುತ್ತದೆ. ಒಮ್ಮೆ ಲಾಕ್ ದಾಟಲು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗು ಇಲ್ಲಿ ತನ್ನ ಗುಂಪಿನ ಸುರಕ್ಷತೆಯನ್ನು ಹೊರುತ್ತದೆ. ಹೊತ್ತು ದಡ ಸೇರಿಸಿದ್ದೇನೆ ಎಂಬುದು ಅದಕ್ಕೇ ಗೊತ್ತಾಗುತ್ತದೆ, ಯಾರೂ ಪ್ರಮಾಣಪತ್ರ ಕೊಡಬೇಕಾಗಿಲ್ಲ.

ನೀರಿಗಿಳಿಸಿದ ಮರುದಿನದಿಂದ

ದೋಣಿ ನೀರಿಗಿಳಿಯುವ ದಿನ ಊರಿಗೆ ಊರೇ ಸೇರುತ್ತದೆ. ಪತ್ರಿಕೆಯವರು ಬರುತ್ತಾರೆ, ದಾನಿಗಳ ಹೆಸರಿನ ಫಲಕ ಹಾಕುತ್ತಾರೆ. ಮರುದಿನದಿಂದ ಉಕ್ಕಿಗೆ ತುಕ್ಕು ಹಿಡಿಯತೊಡಗುತ್ತದೆ.

ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಹೊರತೆಗೆದು, ಪಾಚಿ ಕೆರೆದು, ತಳಭಾಗಕ್ಕೆ ಡಾಂಬರಿನ ಕಪ್ಪು ಬಣ್ಣ ಬಳಿಯಬೇಕು. ಉಕ್ಕಿನ ಬದಲು ತಾನು ಸವೆಯಲೆಂದು ಒಡಲಿಗೆ ಜೋಡಿಸಿರುವ ಮೆಗ್ನೀಸಿಯಂ ಗಟ್ಟಿಗಳನ್ನು ಬದಲಿಸಬೇಕು. ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆಯ ಪ್ರಮಾಣಪತ್ರ ಬೇಕು. ಪ್ರತಿ ವರ್ಷ ವಿಮೆ, ಪ್ರತಿ ವರ್ಷ ಕಾಲುವೆಯ ಪರವಾನಗಿ. ಇಂಗ್ಲೆಂಡ್ ಮತ್ತು ವೇಲ್ಸಿನ ಕಾಲುವೆಗಳನ್ನು 2012ರಿಂದ ನೋಡಿಕೊಳ್ಳುತ್ತಿರುವುದೂ ಒಂದು ಧರ್ಮಾರ್ಥ ಸಂಸ್ಥೆಯೇ. ಆದರೂ ಪರವಾನಗಿ ತಪ್ಪಿದ್ದಲ್ಲ. ಹಳೆಯ ನಾವಿಕರು ವಯಸ್ಸಾಗಿ ನಿಂತರೆ ಹೊಸಬರಿಗೆ ತರಬೇತಿ ಕೊಡಬೇಕು. ಕೆಲವು ದಶಕ ಕಳೆದ ಮೇಲೆ ತಜ್ಞರು ಒಡಲಿನ ದಪ್ಪ ಅಳೆಯುತ್ತಾರೆ. 4 ಮಿ.ಮೀ.ಗಿಂತ ತೆಳುವಾಗಿದ್ದರೆ ಸಾಮಾನ್ಯವಾಗಿ ವಿಮೆ ಸಿಗುವುದು ಕಷ್ಟ; ಹೊಸ ತಗಡು ಹೊದಿಸಬೇಕಾಗುತ್ತದೆ.

ಇವುಗಳಲ್ಲಿ ಯಾವುದೂ ಫಲಕಕ್ಕೆ ಏರುವ ಕೆಲಸವಲ್ಲ. "ನಾನು ದೋಣಿ ಕೊಟ್ಟೆ" ಎನ್ನುವುದು ಸುಲಭ. "ನಾನು ಏಳನೆಯ ವರ್ಷದ ಡಾಂಬರು ಕೊಟ್ಟೆ" ಎಂದು ಯಾರು ಹೇಳಿಕೊಳ್ಳುತ್ತಾರೆ? ಆದರೆ ಡಾಂಬರು ತಪ್ಪಿದರೆ ತುಕ್ಕು ನೀರಿನ ಕೆಳಗೆ, ಯಾರಿಗೂ ಕಾಣದಂತೆ, ತನ್ನ ಕೆಲಸ ಮಾಡುತ್ತದೆ. ಮೇಲಿನಿಂದ ನೋಡಿದರೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಹೀಗಾಗಿ ದೀರ್ಘಕಾಲ ಉಳಿಯಬೇಕಾದ ದೋಣಿಯ ಸಮಿತಿ ಮೊದಲ ದಿನದಿಂದಲೇ ದುರಸ್ತಿಗೆಂದು ಬೇರೆ ಹಣ ತೆಗೆದಿಡಬೇಕು. ದೋಣಿ ಬಳಸುವ ಗುಂಪುಗಳಿಂದ ಚಿಕ್ಕದಾದರೂ ಶುಲ್ಕ ಪಡೆಯಬೇಕು. ಹಿಂದೆ ಪ್ರಯಾಣಿಸಿದ ಮಕ್ಕಳನ್ನು ಮುಂದಿನ ನಾವಿಕರನ್ನಾಗಿ ಬೆಳೆಸಬೇಕು. ಈ ಮೂರರಲ್ಲಿ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಉಳಿತಾಯ ಎಂದು ನಮಗೆ ಅನ್ನಿಸುತ್ತದೆ.

ನಮ್ಮ ಪುಟಗಳಿಗೆ ಮರಳಿ

ವಿದ್ಯಾರ್ಥಿ ವೇತನವೂ ಒಮ್ಮೆ ಕೊಟ್ಟು ಮುಗಿಸುವ ಕೆಲಸವಲ್ಲ. ಮಗುವಿಗೆ ಮೊದಲ ವರ್ಷದ ಶುಲ್ಕ ಕಟ್ಟುವುದು ದೋಣಿಯನ್ನು ನೀರಿಗಿಳಿಸಿದಂತೆ. ಎರಡನೆಯ ವರ್ಷದ ಹಾಸ್ಟೆಲು, ಮೂರನೆಯ ವರ್ಷದ ಪುಸ್ತಕ, ಪರೀಕ್ಷೆಯ ಶುಲ್ಕ ತಪ್ಪಿದರೆ ಮೊದಲ ವರ್ಷದ ಹಣವೂ ಮುಳುಗುತ್ತದೆ. ಮುಂದಿನ ಪುಟಗಳ ಲೆಕ್ಕ ನೋಡುವಾಗ ದಾನಿಗಳು 'ಹೊಸ ಅರ್ಜಿಗಳು' ಎಂಬ ಸಾಲಿನ ಕೆಳಗಿರುವ 'ನವೀಕರಣ' ಎಂಬ ಸಾಲನ್ನೂ ದಯವಿಟ್ಟು ಓದಬೇಕು. ವೇತನ ಪಡೆಯುತ್ತಿರುವ ಕುಟುಂಬಗಳು ಅಂಕಪಟ್ಟಿ, ಶುಲ್ಕದ ರಶೀದಿಗಳೊಂದಿಗೆ ನವೀಕರಣದ ಅರ್ಜಿಯನ್ನು ತಡಮಾಡದೆ ಕೊಡಬೇಕು. ಓದು ಮುಗಿಸಿ ಕೆಲಸಕ್ಕೆ ಸೇರಿದ ಮಕ್ಕಳು ತಮ್ಮ ನಂತರ ಬರುವವರಿಗೆ ಅರ್ಜಿ ತುಂಬಿಸಲು, ಪಾಠ ಹೇಳಿಕೊಡಲು ತಿಂಗಳಿಗೆ ಒಂದು ಭಾನುವಾರ ಕೊಟ್ಟರೂ ಸಾಕು.

ಮುಂದಿನ ವರ್ಷ "ಹೊಸದೇನು?" ಎಂದು ಕೇಳುವವರಿಗೆ ನಾವು ಸಂತೋಷದಿಂದಲೇ ಉತ್ತರಿಸುತ್ತೇವೆ. ಅದರ ಜೊತೆಗೆ, "ಹಳೆಯದು ಹೇಗಿದೆ?" ಎಂದೂ ಒಮ್ಮೆ ಕೇಳಿ.